ತೂತಿಲ್ಲದ ಪ್ಲೇಟು

ಮಾರ್ಚ್ ೧೨, ಭಾನುವಾರ

ಪ್ರೀತಿಯ ಪುಟ್ಟೀ,

ನಿನ್ನ ಎರಡು ಪತ್ರಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಸೋಮಾರಿತನವಲ್ಲ, ನೀನು ಕೇಳಿದ್ದಕ್ಕೆ ಏನು ಹೇಳಬೇಕೆಂದು ತೋಚದೆ ತಡವಾಯಿತು. ನಿಮ್ಮ ಮನೆಗೇ ಬಂದು ಇದ್ದುಬಿಡು ಅನ್ನುತ್ತೀಯ. ಮದುವೆಯಾಗಿ ಹೋದೆನೆಂದು ಸಿಟ್ಟಾ ಅಂತಲೂ ಕೇಳಿದ್ದೀಯ. ಸಿಟ್ಟಿಲ್ಲ ಕಣೇ.

ಮೊದಲು ಬ್ರೂವರಿಯ ಸುದ್ದಿ. ನಾವಿಬ್ಬರೂ ಸಲಿಕೆ ಹಿಡಿದು ರಸ ಬಸಿದ ಮಾಲ್ಟಿನ ಹಿಂಡಿ ಬಳಿಯುತ್ತಿದ್ದ ಆ ಹಳೆಯ ಸೋಸುವ ತೊಟ್ಟಿಯನ್ನು ಅಂತೂ ಹೊರಗೆ ಸಾಗಿಸಿದರು. ಈಗ ನಿನ್ನ ಯಜಮಾನರು ಜೋಡಿಸಿಕೊಟ್ಟು ಹೋದ ಸೋಸುವ ಪ್ರೆಸ್ಸಿನದೇ ದರ್ಬಾರು. ಗಂಜಿಯಂಥ ಬಿಸಿ ಮಾಲ್ಟು ಪ್ಲೇಟುಗಳ ನಡುವೆ ತುಂಬಿಕೊಳ್ಳುತ್ತದೆ, ಸಿಹಿ ರಸ ಪ್ಲೇಟಿಗೆ ಹೊದಿಸಿದ ಬಟ್ಟೆಯಿಂದಾಚೆ ಇಳಿಯುತ್ತದೆ. ಆಮೇಲೆ ಪ್ಲೇಟು ಸರಿಸಿದರೆ ಹಿಂಡಿ ಬಿಲ್ಲೆ ಬಿಲ್ಲೆಯಾಗಿ ತಾನೇ ಉದುರುತ್ತದೆ. ನನ್ನ ಸೊಂಟ ನಿನ್ನ ಯಜಮಾನರಿಗೆ ದಿನಾ ಕೈಮುಗಿಯುತ್ತದೆ.

ಆದರೆ ಅದಕ್ಕೊಂದು ಹಟ. ಹೊಟ್ಟೆ ತುಂಬ ಹಾಕಿದರೇ ಕೆಲಸ. ಹಳೆಯ ತೊಟ್ಟಿ ಪಾಪ, ಎಷ್ಟು ಹಾಕಿದರೂ ಸೋಸುತ್ತಿತ್ತು. ಮೊನ್ನೆ ಮಾಲೀಕರು ರುಚಿ ನೋಡೋಣವೆಂದು ಅರ್ಧದಷ್ಟೇ ಮಾಲ್ಟಿನಲ್ಲಿ ಹೊಸ ಬಿಯರಿಗೆ ಹೊರಟರು. ನಾನೂ ಹಳೆಯ ಅಭ್ಯಾಸದಲ್ಲಿ ಹೂಂ ಅಂದು ಪಂಪು ಹಾಕಿಬಿಟ್ಟೆ. ಪ್ಲೇಟುಗಳ ನಡುವೆ ಅರ್ಧಂಬರ್ಧ ತುಂಬಿ, ಉಳಿದ ಸಿಹಿಯನ್ನು ತೊಳೆದು ತೆಗೆಯುವ ನೀರೆಲ್ಲ ಖಾಲಿ ಜಾಗದಿಂದ ಹರಿದು, ಬಂದದ್ದು ಬರೀ ಬಗ್ಗಡ. ಅಷ್ಟನ್ನೂ ಮೋರಿಗೆ ಬಿಟ್ಟೆವು. ಮಾಲೀಕರ ಮುಖ ನೋಡುವಂತಿರಲಿಲ್ಲ.

ಆಗ ಗೋಡೆಗೆ ಒರಗಿಸಿಟ್ಟಿದ್ದ ತೂತಿಲ್ಲದ ಪ್ಲೇಟು ನೆನಪಾಯಿತು. ಮಾಲ್ಟು ಕಮ್ಮಿ ಇದ್ದಾಗ ಇದನ್ನು ಮಧ್ಯೆ ಇಟ್ಟುಬಿಡಿ, ಆಚೆಯ ಭಾಗ ಮುಚ್ಚಿಹೋಗುತ್ತದೆ ಎಂದು ನಿನ್ನ ಯಜಮಾನರು ಹೇಳಿದ್ದರಲ್ಲ. ಮಾರನೆಯ ದಿನ ಹಾಗೇ ಮಾಡಿದೆ. ಮೊದಲ ರಸ ಎಂದಿನಂತೆ ಕದಡಿತ್ತು, ಅದನ್ನು ಮತ್ತೆ ಮತ್ತೆ ಒಳಗೇ ತಿರುಗಿಸಿದೆ. ರಸ ಹರಿಯುವ ಗಾಜಿನ ಕೊಳವೆಯಲ್ಲಿ ಆಚೆಯ ದೀಪ ಸ್ಪಷ್ಟವಾಗಿ ಕಂಡಮೇಲೇ ಕುದಿಸುವ ಹಂಡೆಗೆ ಬಿಟ್ಟಿದ್ದು. ಮಾಲೀಕರು ಅರ್ಧ ಲೋಟ ಆರಿಸಿ ಕುಡಿದು, ಮೀಸೆ ಒರೆಸಿಕೊಂಡು, ಲೋಟವನ್ನು ಮತ್ತೆ ಮುಂದೆ ಚಾಚಿದರು. ಅವರ ಮಟ್ಟಿಗೆ ಅದೇ ಹೊಗಳಿಕೆ, ನಿನಗೆ ಗೊತ್ತಲ್ಲ.

ಮನೆಯಲ್ಲೂ ಆರಾಮಾಗಿದ್ದೇನೆ. ನಿನ್ನ ಮಂಚದ ಮೇಲೆ ಈಗ ಒಗೆದ ಬಟ್ಟೆಗಳ ಸಂಸಾರ. ಸಂಜೆ ಕಿಟಕಿಯ ಬಳಿ ಕಾಲು ಚಾಚಿ ಕೂತು ಎದುರು ಮನೆಯವರ ಜಗಳ ಪೂರ್ತಿ ಕೇಳುತ್ತೇನೆ, ನಡುವೆ ಬಾಯಿ ಹಾಕಲು ನೀನಿಲ್ಲ. ನಿಜಕ್ಕೂ ಸುಖವಾಗಿದ್ದೇನೆ. ಅದಕ್ಕೇ ಸದ್ಯಕ್ಕೆ ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಇಬ್ಬರೂ ಸಣ್ಣಪುಟ್ಟ ಜಗಳವಾಡಿಕೊಂಡು ನೂರು ಕಾಲ ಚೆನ್ನಾಗಿರಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಈ ಹಾಳೆಯನ್ನು ನೀನೊಬ್ಬಳೇ ಓದು. ಪ್ರೆಸ್ಸು ಜೋಡಿಸುತ್ತಿದ್ದಷ್ಟು ದಿನ ಅವರು ನಮ್ಮಲ್ಲಿ ಊಟಕ್ಕೆ ಬರುತ್ತಿದ್ದರಲ್ಲ, ನನಗಾಗಿ ಬರುತ್ತಾರೆ ಅಂದುಕೊಂಡಿದ್ದೆ. "ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು" ಅಂದ ದಿನ ಕೈ ತೊಳೆದು, ಕೂದಲು ಸರಿಮಾಡಿಕೊಂಡು ಬಂದು ಕೂತೆ. ಅವರು ಮದುವೆಗೆ ಕೇಳಿದ್ದು ನಿನ್ನನ್ನು. ನಿನ್ನ ತಪ್ಪಿಲ್ಲ, ಅವರದೂ ಇಲ್ಲ. ಮೊದಲ ರಸ ಹೇಗಿರುತ್ತದೆಂದು ನಿನಗೆ ನಾನು ಹೇಳಬೇಕಿಲ್ಲ. ತಿಳಿಯಾದ ಮೇಲೆ ನಾನೇ ಬರುತ್ತೇನೆ. ನನ್ನದೊಂದು ಹಾಸಿಗೆ ತೆಗೆದಿಟ್ಟಿರು.