ಗೇಟಿನಿಂದ ವಾಪಸ್ಸಾದ ಟ್ಯಾಂಕರು

ಮನೆಯಿಂದ, ಶನಿವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಬೆನ್ನುನೋವು ಇಳಿಯಿತಾ? ಹೊತ್ತುಹೊತ್ತಿಗೆ ಉಣ್ಣುತ್ತೀಯೋ, ಇಲ್ಲ ಟೀ ಕುಡಿದೇ ದಿನ ತಳ್ಳುತ್ತೀಯೋ? ಅಮ್ಮ ಚೆನ್ನಾಗಿದ್ದಾಳೆ, ದಿನವಿಡೀ ಕನ್ನಡಕ ಹುಡುಕುವುದೇ ಅವಳ ಉದ್ಯೋಗ. ಫೋನಿನಲ್ಲಿ ಬೈಯಲು ಶುರುಮಾಡಿದರೆ ನೀನು ಅರ್ಧಕ್ಕೇ ಕಟ್ ಮಾಡುತ್ತೀಯ. ಅದಕ್ಕೇ ಬರೆದು, ನಿಮ್ಮ ಹೊಸ ಸೈಟಿಗೆ ಟೈಲ್ಸ್ ತರುವ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನ ಟ್ಯಾಂಕರು ಗುರುವಾರದಿಂದ ತುಂಬಿಕೊಂಡು ಮನೆ ಮುಂದೆ ನಿಂತಿದೆ. ಅಕ್ಕಪಕ್ಕದವರು ನನ್ನನ್ನು ನೋಡಿದರೆ ಕಿಟಕಿ ಹಾಕಿಕೊಳ್ಳುತ್ತಾರೆ. ನೀನು ಬಿಟ್ಟುಹೋದ ಸೈಟಿನ ತಾತ್ಕಾಲಿಕ ಕಕ್ಕಸುಗಳ ನೀರನ್ನು ಎಂದಿನಂತೆ ಹೀರಿಕೊಂಡು ಶುದ್ಧೀಕರಣ ಘಟಕಕ್ಕೆ ಹೋದೆ. ಗೇಟಿನವನು ಮುಚ್ಚಳ ತೆಗೆದು ಮೂಸಿದವನೇ ಹಿಂದಕ್ಕೆ ಸರಿದ. ದಿನಾ ಆ ನಾತದಲ್ಲೇ ಕೂತು ಬುತ್ತಿ ಬಿಚ್ಚುವವನು ಮೂಗು ಮುಚ್ಚಿದನೆಂದರೆ ನೀನೇ ಯೋಚಿಸು! "ಇದ್ರಲ್ಲಿ ಪೇಂಟಿಗೆ ಬೆರೆಸೋ ಥಿನ್ನರ್ ಇದೆ ಕಣಮ್ಮಾ. ಒಳಗೆ ಬಿಟ್ರೆ ಕೊಳೆ ತಿನ್ನೋ ಜೀವಾಣುಗಳೆಲ್ಲ ಸತ್ತುಹೋಗ್ತವೆ. ಏನು ಸುರಿದ್ರು, ಎಷ್ಟು ಸುರಿದ್ರು ಅಂತ ತಿಳ್ಕೊಂಡು ಬಾ, ಅಂಥದ್ದಕ್ಕೆ ಬೇರೆ ತೊಟ್ಟಿ ಇದೆ" ಎಂದ. ಸೈಟಿನ ಮೇಸ್ತ್ರಿಯನ್ನು ಕೇಳಿದರೆ, "ಹಿಂದಿನ ಮೋರಿಗೆ ಬಿಟ್ಟು ಕೈ ತೊಳ್ಕೊಳ್ಳಮ್ಮ" ಅನ್ನುತ್ತಾನೆ. ಆ ಮೋರಿ ಹೋಗಿ ಸೇರುವುದು ಕೆರೆಗೆ. ನನಗೇನು ತಲೆ ಕೆಟ್ಟಿದೆಯಾ?

ಕೊನೆಗೆ ಮೇಸ್ತ್ರಿ ಬೆರಳು ತೋರಿಸಿದ್ದು ಕಕ್ಕಸು ತೊಳೆಯುವ ಆಯಾಳ ಕಡೆಗೆ. ಅವಳೇ ಏನೋ ಔಷಧಿ ಸುರಿದಳಂತೆ, ಸೋಮವಾರದಿಂದ ಬರುವುದು ಬೇಡವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! "ಫಿನಾಯಿಲ್ ಬಿಟ್ಟು ಬೇರೇನಾದ್ರೂ ಮುಟ್ಟಿದ್ರೆ ಕೇಳಿ" ಅಂತ ಪಾಪ ಸಿಕ್ಕಸಿಕ್ಕವರ ಮುಂದೆಲ್ಲ ಹೇಳುತ್ತಿದ್ದಾಳೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ನನಗೆ ಗೊತ್ತು ಕಣೋ. ಹೊರಡುವ ಮುಂಚೆ ಊಟಕ್ಕೆ ಕೂತಾಗ ನೀನೇ ಹೆಮ್ಮೆಯಿಂದ ಹೇಳಿದ್ದೆಯಲ್ಲ, "ಬ್ರಶ್ ತೊಳೆದ ಥಿನ್ನರ್, ಮಿಕ್ಕಿದ್ದ ಡಬ್ಬ, ಎಲ್ಲಾ ಕಕ್ಕಸಿಗೇ ಹಾಕ್ದೆ. ನೆಲಕ್ಕೆ ಒಂದ್ ಹನಿ ಚೆಲ್ಲಿಲ್ಲ. ಹೇಗೂ ನಮ್ಮಕ್ಕ ಬಂದು ಹೀರ್ಕೊಂಡು ಹೋಗ್ತಾಳೆ!" ಬೇರೆ ಪೇಂಟರುಗಳು ಮಣ್ಣಿಗೆ ಚೆಲ್ಲುತ್ತಾರೆ, ನೀನು ಅಕ್ಕನ ಟ್ಯಾಂಕರನ್ನು ನಂಬಿ ಶಿಸ್ತು ತೋರಿಸಿದೆ. ಅಯ್ಯೋ ಪೆದ್ದಪ್ಪಾ! ನನಗೆ ಸಿಟ್ಟೂ ಬಂತು, ನಗುವೂ ಬಂತು. ನೀನೇ ಮೇಸ್ತ್ರಿಗೆ ಫೋನ್ ಮಾಡಿ ಹೇಳಿಬಿಡು. ಹೊಸ ಸೈಟೂ ಅದೇ ಕಂಪನಿಯದು, ಕೆಲಸಕ್ಕೆ ಕುತ್ತು ಬಂದರೆ ಅನ್ನುವ ಹೆದರಿಕೆ ನನಗಿಲ್ಲವೆಂದುಕೊಳ್ಳಬೇಡ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಆದರೂ ಹೇಳು.

ತಲೆ ಸವರಿದೆ ಅಂತ ಬರೆ ಎಂದಳು ಅಮ್ಮ. ಬರೆದಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದ ಮುಗಿಸಿ ಸೈಟಿಗೆ ಹೋಗಿದ್ದೆ. ಆಯಾ ತನ್ನ ಬಕೆಟ್ಟು, ಪೊರಕೆ ಮೇಸ್ತ್ರಿಗೆ ಒಪ್ಪಿಸುತ್ತಾ ಅಳುತ್ತಿದ್ದಳು. ನಿನ್ನ ಫೋನಿಗೆ ಕಾಯಲು ನನ್ನಿಂದ ಆಗಲಿಲ್ಲ ಕಣೋ, ನಿನ್ನ ಹೆಸರು ಹೇಳಿಬಿಟ್ಟೆ. ಸೋಮವಾರ ಆಫೀಸಿನಿಂದ ಕೇಳುತ್ತಾರೆ. ಎಷ್ಟು ಡಬ್ಬ ಅಂತ ಸರಿಯಾಗಿ ಹೇಳು, ಇಲ್ಲ ಅನ್ನಬೇಡ. ಕೆಲಸ ಹೋದರೆ ನೆಟ್ಟಗೆ ಮನೆಗೆ ಬಾ. ನನ್ನನ್ನು ಎಷ್ಟು ಬೇಕಾದರೂ ಬೈ, ಆದರೆ ಮನೆಗೇ ಬಂದು ಬೈ.