ಬೆಳ್ಳಿ ಹೊದಿಸಿದ ಸ್ಟೂಲು

ಬಳ್ಳಾರಿ
ಕ್ರಿ.ಶ. ೨೨೧೬, ಹಿಂಬಿಸಿಲು ಮಾಸದ ನಲವತ್ತೊಂದನೇ ದಿನ

ಜೀನ್ಸ್ ಕಾರ್ಖಾನೆಯ ಎರ್ರೆಮ್ಮನವರಿಗೆ, ನಿಮ್ಮ ಮರಿಮಗಳ ಮರಿಮಗಳಾದ ತಾಯವ್ವ ಮಾಡುವ ನಮಸ್ಕಾರ.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಮ್ಮಲ್ಲಿ ಬೇಸಿಗೆಯೇ ಮುಗಿಯದ್ದರಿಂದ ತಿಂಗಳುಗಳನ್ನೂ ಉದ್ದ ಮಾಡಿಕೊಂಡಿದ್ದೇವೆ. ನಾನು ನೆರಳುಬಟ್ಟೆ ಹೊಲಿಯುವವಳು. ನೆರಳುಬಟ್ಟೆಯೆಂದರೆ ಬೀದಿಯುದ್ದಕ್ಕೂ ಮಾಳಿಗೆಯಿಂದ ಮಾಳಿಗೆಗೆ ಕಟ್ಟುವ ಚಪ್ಪರ. ನಮ್ಮ ಸಂತೆ, ಶಾಲೆ, ಮದುವೆ, ಸಂಜೆಯ ಮಂಡಕ್ಕಿ-ಮಿರ್ಚಿ ಎಲ್ಲವೂ ಅದರಡಿಯಲ್ಲೇ. ಅದು ಹರಿದರೆ ಕೆಳಗಿದ್ದವರು ಬಿಸಿಲಿಗೆ ಉಳಿಯುವುದಿಲ್ಲ. ಶಾಲೆಯ ಬೀದಿಗೆ ಲಡ್ಡಾದ, ಎಳೆದರೆ ಹರಿಯುವ ನೂಲಿನ ಬಟ್ಟೆ ಹೊಲಿಯಲಾರೆ ಎಂದದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆದರು.

ನಿಮ್ಮನ್ನೂ ತೆಗೆದಿದ್ದಾರೆ, ಬಲ್ಲೆ. ತಲೆಸುತ್ತಿ ಬಿದ್ದ ಗೆಳತಿಯನ್ನು ಹೊರಗೆ ಎತ್ತಿಕೊಂಡು ಹೋದಿರಿ, ಹೊಲಿಗೆ ನಿಂತಿತು, ಸಂಜೆಗೆ ನಿಮ್ಮ ಕೆಲಸ ಹೋಯಿತು. ಈಗ ನಿಮ್ಮ ಸ್ಟೂಲಿನ ಮೇಲೆ ಯಾರನ್ನೂ ಕೂರಗೊಡದೆ ಸಾಲಿನ ಹೆಂಗಸರು ಹಟ ಹಿಡಿದಿದ್ದಾರಲ್ಲ, ಆ ಹಟವೇ ನಮ್ಮ ಕಾಲಕ್ಕೆ ಕಾನೂನಾಗಿದೆ. ಅದಕ್ಕೆ ‘ಕಾಯ್ದ ಜಾಗ’ ಎನ್ನುತ್ತೇವೆ: ಕೆಲಸ ಕಳೆದುಕೊಂಡವರ ಜಾಗ ಕೋರ್ಟಿನ ತೀರ್ಪಾಗುವವರೆಗೆ ಖಾಲಿ ಇರಬೇಕು, ಅವರ ಕೂಲಿ ಅದರ ಮುಂದಿನ ಪೆಟ್ಟಿಗೆಗೆ ಬೀಳುತ್ತಿರಬೇಕು.

ಎಷ್ಟೋ ವರ್ಷದ ಮೇಲೆ ತೀರ್ಪು ನನ್ನ ಕಡೆ ಆಯಿತು. ಓಡಿಕೊಂಡು ಹೋದೆ. ನನ್ನ ಸ್ಟೂಲಿಗೆ ಅರಿಸಿನ, ಕುಂಕುಮ, ಚೆಂಡುಹೂವು, ಕಾಲುಗಳಿಗೆ ಬಾಳೆಕಂದು. ಪ್ರತಿ ಆಯುಧಪೂಜೆಗೂ ಅದರ ಮುಂದೆ ಕುಂಬಳಕಾಯಿ ಒಡೆದಿದ್ದಾರೆ. ಸಾಲದ್ದಕ್ಕೆ, ಪೆಟ್ಟಿಗೆಯಲ್ಲಿದ್ದ ನನ್ನ ಕೂಲಿಯಿಂದಲೇ ಅದಕ್ಕೆ ಬೆಳ್ಳಿ ತಗಡು ಹೊದಿಸಿದ್ದಾರೆ! ನನ್ನನ್ನು ಕಂಡು ಎಲ್ಲರೂ ಅತ್ತರು, ಅದು ಸುಳ್ಳಲ್ಲ. ಕೂರಲು ಹೋದಾಗ ಮಾತ್ರ ಮೇಸ್ತ್ರಿ ಪಂಪಣ್ಣ ಅಡ್ಡ ಬಂದ. “ಏ ತಾಯವ್ವ, ಅದ್ರ ಮ್ಯಾಲೆ ಕುಂದ್ರಬ್ಯಾಡವ್ವ, ಮೈಲಿಗಿ ಆಗ್ತೈತಿ. ಕೈ ಮುಗುದು ಹೋಗು” ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಮಾಲೀಕರೂ ಭಕ್ತಿಯಿಂದ ಕಣ್ಣು ಮುಚ್ಚಿ ನಿಂತಿದ್ದರು. ದೇವರಿಗೆ ಸಂಬಳ ಕೊಡಬೇಕಿಲ್ಲವಲ್ಲ! ಕೊನೆಗೆ ನನ್ನ ಸ್ಟೂಲಿಗೆ ನಾನೇ ಕೈ ಮುಗಿದು ಬಂದೆ. ಶಾಲೆಯ ಬೀದಿಯ ಮೇಲೆ ಇಂದಿಗೂ ಆ ಲಡ್ಡಾದ ನೂಲಿನ ಬಟ್ಟೆಯೇ ಇದೆ.

ಎರ್ರೆಮ್ಮಜ್ಜಿ, ಒಂದೇ ಬೇಡಿಕೆ. ನಿಮ್ಮನ್ನು ಮರಳಿ ಕರೆಯುವ ದಿನ ಗೆಳತಿಯರು ಪ್ರೀತಿಯಿಂದ ಆ ಸ್ಟೂಲಿನ ಮೇಲೆ ಒಂದು ಮೊಳ ಮಲ್ಲಿಗೆ ಇಡುತ್ತಾರೆ. ಈ ಪೂಜೆಯೆಲ್ಲ ಶುರುವಾದದ್ದು ಅಲ್ಲಿಂದಲೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಹೂವನ್ನು ಎತ್ತಿ ನೀವೇ ಮುಡಿದುಕೊಳ್ಳಿ, ಬಾಕಿ ಕೂಲಿಯನ್ನು ಸೆರಗಿಗೆ ಕಟ್ಟಿಕೊಳ್ಳಿ, ಕೂತುಬಿಡಿ.

ಈ ಕಾಗದ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ಕಾಣೆ. ನಾಳೆ ಮತ್ತೆ ಆಯುಧಪೂಜೆ. ಮಂಗಳಾರತಿಯ ಹೊತ್ತಿಗೆ ನಾನೂ ಹೋಗುತ್ತೇನೆ. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಾಗ ಹೋಗಿ ಕೂರುತ್ತೇನೆ. ಕಣ್ಣು ಬಿಟ್ಟಾಗ ಅವರಿಗೆ ನಾನು ಕಾಣಬೇಕು.

ತಾಯವ್ವ