ಬಾವಿಯ ನೀರು ಕುಡಿದು ನೋಡಿದ ಬ್ರೋಕರ್

ಭೋಜ,

ನೀನು ಏಳುವ ಮೊದಲೇ ಉಡುಪಿಗೆ ಹೊರಟಿದ್ದೇನೆ. ಮನೆ ಮಾರಿಸುವ ಕೆಲಸ ಇನ್ನು ಉಮಾನಾಥರೊಬ್ಬರಿಗೇ ಎಂದು ಬರೆದು ಕೊಟ್ಟು, ಸಂಜೆ ನಾಲ್ಕಕ್ಕೆ ಅವರನ್ನೂ ಹೊಸ ಗಿರಾಕಿಯನ್ನೂ ಕರೆದುಕೊಂಡು ಬರುತ್ತೇನೆ.

ನೀನು ಗೊತ್ತು ಮಾಡಿದ ಆ ಇಬ್ಬರು ಬ್ರೋಕರುಗಳಿಗೆ ಇವತ್ತೇ ಬೇಡ ಎಂದು ಹೇಳು. ಅಂಗಳದಲ್ಲಿ ನಿಂತು ಹೇಳಿದರೆ ಸಾಕು, ಕಾಫಿ ಕೊಡಬೇಡ. ಒಬ್ಬ ಕರೆತಂದ ಗಿರಾಕಿಯನ್ನು ಇನ್ನೊಬ್ಬ ಕೆಮ್ಮಣ್ಣು ಊರಿನ ಬಸ್ಸಿನಲ್ಲಿ ಹಿಡಿದು, ಬೇಸಗೆಯಲ್ಲಿ ಈ ಬಾವಿ ಉಪ್ಪು ಎಂದು ಹೇಳಿ ಓಡಿಸುತ್ತಾನೆ. ಹಾಗೆ ಮೂರು ಮಂದಿ ಗಿರಾಕಿಗಳು ಹೋದರು. ಆದರೆ ಆ ಬ್ರೋಕರುಗಳು ಹೇಳಿದ್ದು ಸುಳ್ಳಲ್ಲವಲ್ಲ. ಬಂದವರಿಗೆ ಬೆಲ್ಲದ ಜೊತೆ ನೆರೆಮನೆಯ ಬೇಬಿಯಕ್ಕನ ಬಾವಿಯ ಸಿಹಿನೀರು ತಂದು ಕೊಟ್ಟವನು ನೀನು. ಅದು ಗೊತ್ತಾದ ಮೇಲೆ ನಮ್ಮ ಯಾವ ಮಾತನ್ನು ಯಾರು ನಂಬುತ್ತಾರೆ?

ಉಮಾನಾಥರೇ ಯಾಕೆ ಎಂದು ಕೇಳಿದೆಯಲ್ಲ. ಮೂವರು ಬ್ರೋಕರುಗಳಲ್ಲಿ ನಮ್ಮ ಬಾವಿಯ ನೀರು ಸೇದಿ ಕುಡಿದು ನೋಡಿದವರು ಅವರೊಬ್ಬರೇ. "ಉಪ್ಪು ಉಂಟು ಚಂಪಕ್ಕ, ಅದನ್ನು ನಾವೇ ಮೊದಲು ಹೇಳುವ" ಎಂದರು.

ಮಳೆ ಬಂದು ನೀರು ಸಿಹಿಯಾದ ಮೇಲೆ ಮಾರುವ ಎಂದು ಮತ್ತೆ ಹೇಳಬೇಡ. ಅಪ್ಪ ಈ ಮನೆಯನ್ನು ಕೊಂಡದ್ದು ಆಟಿ ತಿಂಗಳ ಮಳೆಯಲ್ಲಿ. ಮುಂದಿನ ಬೇಸಗೆಯಲ್ಲಿ ಸೇದಿದ ನೀರನ್ನು ಬಾಯಿಗಿಟ್ಟು ಅಮ್ಮ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟದ್ದು ನಿನಗೆ ನೆನಪಿರಲಿಕ್ಕಿಲ್ಲ. ನೀನಾಗ ಅವಳ ಸೊಂಟದಲ್ಲಿದ್ದೆ.

ಗಂಜಿ ಒಲೆಯ ಮೇಲೆ ಉಂಟು, ಉಣ್ಣು. ಮೂರೂವರೆಗೆ ನಮ್ಮ ಬಾವಿಯಿಂದಲೇ ಒಂದು ಕೊಡ ನೀರು ಸೇದಿಡು. ಬಂದವರು ಅದನ್ನು ಕುಡಿದ ಮೇಲೆ ಬೆಲ್ಲ ಕೊಡು.

ಅಕ್ಕ